ಹುಳುಗಳಿಗೆ ಹೊತ್ತು ಗೊತ್ತಾಗುವುದು ಹೇಗೆ? ಕೂಡುವ, ಮೊಟ್ಟೆಯಿಡುವ ಸಮಯವನ್ನು ನಡೆಸುವ ಜೀನ್‌ಗಳು

ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಕೆಲಸ ಶುರುವಾಗುವುದು ನಸುಕಿನಲ್ಲೇ. ಕೋಶ ಒಡೆದು ಪತಂಗಗಳು ಹೊರಬರುವುದು ಆ ಹೊತ್ತಿಗೇ. ಆ ದಿನ ಬರದೆ ಉಳಿದವು ಮಧ್ಯಾಹ್ನಕ್ಕೆ ಬರಲಿ ಎಂದು ಕಾದರೆ ಪ್ರಯೋಜನವಿಲ್ಲ, ಬಹುಪಾಲು ಮರುದಿನ ನಸುಕಿಗೇ ಬರುತ್ತವೆ. ಹೊರಬಂದ ಗಂಡು ಹೆಣ್ಣುಗಳನ್ನು ಮೂರ್ನಾಲ್ಕು ಗಂಟೆ ಜೊತೆಗೆ ಬಿಡುತ್ತಾರೆ. ಆಮೇಲೆ ಬೇರ್ಪಡಿಸಿ, ಹೆಣ್ಣನ್ನು ಕತ್ತಲಲ್ಲಿ ಮೊಟ್ಟೆಯಿಡಲು ಇಡುತ್ತಾರೆ.

ಇದು ರೇಷ್ಮೆ ಹುಳುವಿನ ವಿಶೇಷ ಮಾತ್ರ ಅಲ್ಲ. ಮಾವಿನ ಹಣ್ಣಿನ ನೊಣ ಕೂಡುವುದು ಮುಸ್ಸಂಜೆಯಲ್ಲಿ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಗಂಡುಗಳು ಹೊತ್ತು ಮುಳುಗುವಾಗ ಗುಂಪು ಕಟ್ಟಿ ಹಾರುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಇಳಿಹೊತ್ತಿನಲ್ಲಿ ಮೊಟ್ಟೆಯಿಡುತ್ತದೆ. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ದೇಶದಲ್ಲೇ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಪತಂಗಕ್ಕೆ ರಾತ್ರಿಯೇ ಕೂಡುವ ಕಾಲ. ಅಂದಿನಿಂದ, ಹೆಣ್ಣಿನ ವಾಸನೆಯಿಟ್ಟು ಗಂಡನ್ನು ಸೆಳೆದು ಹಿಡಿಯುವ ಮೋಹಕ ಬಲೆ ಅನ್ನುವ ಮಾತು ಮೆಕ್ಕೆಜೋಳ ಬೆಳೆಯುವ ಊರುಗಳಲ್ಲೆಲ್ಲ ಕೇಳಿಬರುತ್ತಿದೆ. ಆ ಬಲೆ ಕೆಲಸ ಮಾಡುವುದೇ ಪತಂಗ ಸಂಗಾತಿಯನ್ನು ಹುಡುಕುವ ಹೊತ್ತಿನಲ್ಲಿ.

ಹಾಗಾದರೆ ಇಷ್ಟು ಚಿಕ್ಕ ಜೀವಕ್ಕೆ ಹೊತ್ತು ಹೇಳಿಕೊಡುವವರು ಯಾರು?

## ಬೆಳಕು ನೋಡಿ ತಿಳಿಯುವುದಲ್ವಾ?

ಮೊದಲು ಹೊಳೆಯುವ ಉತ್ತರ ಇದೇ. ಸೂರ್ಯ ಹುಟ್ಟಿದ, ಹುಳು ಎದ್ದಿತು. ಆದರೆ ಇದು ಪೂರ್ತಿ ಸರಿಯಲ್ಲ.

ಡ್ರೊಸೊಫಿಲಾ ಎಂಬ ಸಣ್ಣ ನೊಣ ನಿಮಗೆ ಗೊತ್ತಿರುತ್ತದೆ. ಬಾಳೆಹಣ್ಣು ಕಳಿತರೆ ಸಾಕು, ಅಡುಗೆಮನೆಯಲ್ಲಿ ಹಾಜರು. ಇದೂ ಕೋಶದಿಂದ ಹೊರಬರುವುದು ಬೆಳಗಿನ ಹೊತ್ತಿನಲ್ಲೇ. ಆಗ ಗಾಳಿಯಲ್ಲಿ ತೇವ ಇರುತ್ತದೆ, ಮೆತ್ತಗಿನ ರೆಕ್ಕೆ ಬಿಡಿಸಿಕೊಳ್ಳುವ ಮುಂಚೆ ಒಣಗಿಹೋಗುವುದಿಲ್ಲ. ಕೋಶಗಳನ್ನು ತಂದು ಬೆಳಕೇ ಬೀಳದ ಕತ್ತಲೆ ಕೋಣೆಯಲ್ಲಿಟ್ಟರೂ ನೊಣಗಳು ಸರಿಸುಮಾರು 24 ಗಂಟೆಗೊಮ್ಮೆ ತಂಡತಂಡವಾಗಿಯೇ ಹೊರಬರುತ್ತವೆ. ಅಂದರೆ ಹೊರಗಿನ ಬೆಳಕಿಲ್ಲದೆಯೂ ಒಳಗೆ ಏನೋ ಎಣಿಸುತ್ತಿದೆ. 1950ರ ದಶಕದಲ್ಲಿ ಕಾಲಿನ್ ಪಿಟೆಂಡ್ರಿ ಎಂಬ ವಿಜ್ಞಾನಿ ಇನ್ನೊಂದು ಮುಖ್ಯ ಸಂಗತಿ ತೋರಿಸಿದರು. ಚಳಿ ಇರಲಿ, ಸೆಕೆ ಇರಲಿ, ಈ ಎಣಿಕೆಯ ವೇಗ ಹೆಚ್ಚುಕಮ್ಮಿ ಬದಲಾಗುವುದಿಲ್ಲ. ಹುಳುವಿನ ಮೈಯ ಉಳಿದ ಕೆಲಸಗಳೆಲ್ಲ ಬಿಸಿ ಹೆಚ್ಚಿದಂತೆ ಚುರುಕಾಗುತ್ತವೆ. ಇದೊಂದು ಮಾತ್ರ ಹಾಗಲ್ಲ.

ಹೀಗೆ ಹೊರಗಿನ ಸುಳಿವು ಇಲ್ಲದೆಯೂ ದಿನದ ಲೆಕ್ಕ ಇಡುವ ಒಳಗಿನ ವ್ಯವಸ್ಥೆಗೆ ಜೈವಿಕ ಗಡಿಯಾರ ಅನ್ನುತ್ತಾರೆ. ಬೆಳಕಿನ ಕೆಲಸ ಈ ಗಡಿಯಾರವನ್ನು ದಿನಾ ಸರಿಪಡಿಸುವುದು. ಅದನ್ನು ಓಡಿಸುವುದಲ್ಲ.

ರೇಷ್ಮೆ ಸಾಕುವವರು ಇದನ್ನು ಬಳಸಿಕೊಳ್ಳುವುದು ಹೇಗೆ ನೋಡಿ. ಮೊಟ್ಟೆಗಳು ನೀಲಿ ಬಣ್ಣಕ್ಕೆ ತಿರುಗುವ ಹಂತ ಬಂದಾಗ ಅವನ್ನು ಕಪ್ಪು ಕಾಗದದಲ್ಲಿ ಸುತ್ತಿ ಅಥವಾ ಪೆಟ್ಟಿಗೆಯಲ್ಲಿಟ್ಟು ಕತ್ತಲೆ ಮಾಡುತ್ತಾರೆ. ಮುಂದೆ ಬೆಳೆದ ಮೊಟ್ಟೆ ತಡೆದು ನಿಲ್ಲುತ್ತದೆ, ಹಿಂದೆ ಉಳಿದದ್ದು ಸೇರಿಕೊಳ್ಳುತ್ತದೆ. ಒಡೆಯುವ ದಿನ ಬೆಳಿಗ್ಗೆ ಬೇಗ ಬೆಳಕಿಗೆ ಇಟ್ಟರೆ ಮರಿಗಳು ಒಟ್ಟಿಗೆ ಹೊರಬರುತ್ತವೆ. ಒಂದೇ ದಿನ ಹುಟ್ಟಿದ ಹುಳು ಒಟ್ಟಿಗೆ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂರುತ್ತದೆ, ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟುತ್ತದೆ. ರೇಷ್ಮೆ ಹುಳುವಿನಲ್ಲಿ ಪಿರಿಯಡ್ ಎಂಬ ಒಂದೇ ಒಂದು ಜೀನ್ ಕೆಡಿಸಿದರೆ ಮೊಟ್ಟೆ ಒಡೆಯುವ ಲಯವೂ ಪತಂಗ ಹೊರಬರುವ ಲಯವೂ ಕೆಡುತ್ತವೆ ಎಂದು ಜಪಾನಿನ ಪ್ರಯೋಗಗಳು ತೋರಿಸಿವೆ. ಆ ಜೀನ್ ಸಿಕ್ಕಿದ್ದು ಮಾತ್ರ ರೇಷ್ಮೆ ಹುಳುವಿನಲ್ಲಲ್ಲ.

## ಹೊತ್ತು ತಪ್ಪಿದ ಮೂರು ನೊಣ

ಜೀನ್ ಅಂದರೆ ಜೀವಕೋಶದೊಳಗೆ ಬರೆದಿಟ್ಟ ಒಂದು ಸೂಚನೆ. ಒಂದು ಪ್ರೋಟೀನ್ ಮಾಡುವುದು ಹೇಗೆ ಎಂದು ಅದು ಹೇಳುತ್ತದೆ. ಹೊತ್ತಿನ ಲೆಕ್ಕದಂಥ ಸಂಕೀರ್ಣ ವಿಷಯವನ್ನು ಒಂದು ಜೀನ್ ಬದಲಿಸಬಲ್ಲದು ಎಂದು 1960ರ ದಶಕದಲ್ಲಿ ಹೆಚ್ಚಿನವರು ನಂಬಿರಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸೈಮೂರ್ ಬೆಂಜರ್ ಅವರ ವಿದ್ಯಾರ್ಥಿಯಾಗಿದ್ದ ರೊನಾಲ್ಡ್ ಕೊನೋಪ್ಕ ಸರಳವಾದ ದಾರಿ ಹಿಡಿದರು. ರಾಸಾಯನಿಕ ಕೊಟ್ಟು ಡ್ರೊಸೊಫಿಲಾಗಳ ಜೀನ್‌ಗಳಲ್ಲಿ ಅಲ್ಲಲ್ಲಿ ಬದಲಾವಣೆ ತಂದರು. ಆಮೇಲೆ ಯಾವ ಸಂತತಿ ತಪ್ಪು ಹೊತ್ತಿನಲ್ಲಿ ಕೋಶ ಬಿಟ್ಟು ಬರುತ್ತದೆ ಎಂದು ಕಾದು ನೋಡಿದರು. ಮೂರು ಬಗೆ ಸಿಕ್ಕಿದವು. ಒಂದರ ದಿನ ಸುಮಾರು 19 ಗಂಟೆ. ಇನ್ನೊಂದರ ದಿನ ಸುಮಾರು 28 ಗಂಟೆ. ಮೂರನೆಯದಕ್ಕೆ ಲಯವೇ ಇಲ್ಲ, ಯಾವಾಗ ಬೇಕೋ ಆಗ ಹೊರಬರುತ್ತಿತ್ತು. ಮೂರರಲ್ಲೂ ಕೆಟ್ಟಿದ್ದು ಒಂದೇ ಜೀನ್. 1971ರಲ್ಲಿ ಅವರು ಅದಕ್ಕೆ ಪಿರಿಯಡ್ ಎಂದು ಹೆಸರಿಟ್ಟರು.

ಗಮನಿಸಿ, ಮೊದಲ ಗಡಿಯಾರ ಜೀನ್ ಸಿಕ್ಕಿದ್ದೇ ಹುಳು ಪ್ರಾಯಕ್ಕೆ ಬಂದು ಹೊರಗೆ ಕಾಲಿಡುವ ಹೊತ್ತನ್ನು ಎಣಿಸುತ್ತಾ. ಸಂತಾನಕ್ಕೂ ಗಡಿಯಾರಕ್ಕೂ ಇರುವ ನಂಟು ಆಗಿನಿಂದಲೇ ಕಣ್ಣೆದುರಿಗಿತ್ತು. ಈ ಜೀನ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಷ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಕೊನೋಪ್ಕ ಅದಕ್ಕೆ ಎರಡು ವರ್ಷ ಮುಂಚೆ ತೀರಿಕೊಂಡಿದ್ದರು.

## ಗಡಿಯಾರ ಓಡುವುದು ಹೇಗೆ

ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ನೀರು ಕಡಿಮೆಯಾದರೆ ಮೋಟರ್ ತಾನೇ ಆನ್ ಆಗುತ್ತದೆ. ತುಂಬಿದರೆ ತಾನೇ ಆಫ್ ಆಗುತ್ತದೆ. ನೀರು ಖರ್ಚಾದಂತೆ ಮತ್ತೆ ಆನ್. ತುಂಬಲು ಇಷ್ಟು ಹೊತ್ತು, ಖಾಲಿಯಾಗಲು ಇಷ್ಟು ಹೊತ್ತು ಎಂದು ಖಚಿತವಾಗಿದ್ದರೆ ಮೋಟರ್ ಸದ್ದು ಕೇಳಿಯೇ ಗಂಟೆ ಹೇಳಬಹುದು. ಹುಳುವಿನ ಜೀವಕೋಶದಲ್ಲಿ ನಡೆಯುವುದೂ ಇದೇ.

ಇಲ್ಲಿ ಮೋಟರ್ ಅಂದರೆ ಕ್ಲಾಕ್ ಮತ್ತು ಸೈಕಲ್ ಎಂಬ ಎರಡು ಪ್ರೋಟೀನ್‌ಗಳ ಜೋಡಿ. ಇವು ಪಿರಿಯಡ್ ಮತ್ತು ಟೈಮ್‌ಲೆಸ್ ಎಂಬ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಆ ಜೀನ್‌ಗಳಿಂದ ಪಿರಿಯಡ್ ಪ್ರೋಟೀನ್, ಟೈಮ್‌ಲೆಸ್ ಪ್ರೋಟೀನ್ ತಯಾರಾಗುತ್ತವೆ. ಸಾಕಷ್ಟು ತುಂಬಿಕೊಂಡ ಮೇಲೆ ಇವೆರಡೂ ಕೈಹಿಡಿದು ರಾತ್ರಿ ಹೊತ್ತು ಜೀವಕೋಶದ ಕೇಂದ್ರದೊಳಗೆ ಹೋಗಿ ತಮ್ಮನ್ನು ಹುಟ್ಟಿಸಿದ ಮೋಟರನ್ನೇ ನಿಲ್ಲಿಸುತ್ತವೆ. ಆಮೇಲೆ ಈ ಪ್ರೋಟೀನ್‌ಗಳು ನಿಧಾನವಾಗಿ ಒಡೆದುಹೋಗುತ್ತವೆ. ತಡೆ ಹೋಯಿತು, ಮೋಟರ್ ಮತ್ತೆ ಚಾಲೂ. ಒಂದು ಸುತ್ತಿಗೆ ಸುಮಾರು 24 ಗಂಟೆ.

ಎಲ್ಲ ಇರುವುದು ತಡವಾಗುವುದರಲ್ಲಿ. ಪ್ರೋಟೀನ್ ತಯಾರಾದ ಕೂಡಲೇ ಮೋಟರ್ ನಿಂತುಬಿಟ್ಟರೆ ಸುತ್ತು ಕೆಲವೇ ಗಂಟೆಯಲ್ಲಿ ಮುಗಿದುಹೋಗುತ್ತಿತ್ತು. ಡಬಲ್‌ಟೈಮ್ ಎಂಬ ಮತ್ತೊಂದು ಪ್ರೋಟೀನ್ ಹೊಸದಾಗಿ ಬಂದ ಪಿರಿಯಡ್ ಅನ್ನು ಹಾಳುಮಾಡುತ್ತಾ ಅದು ಬೇಗ ಕೂಡಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಬೆಳಗಿನ ಬೆಳಕು ಬಿದ್ದಾಗ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನ್ ಟೈಮ್‌ಲೆಸ್ ಅನ್ನು ಒಡೆಯುತ್ತದೆ. ಹೀಗೆ ಗಡಿಯಾರ ದಿನಾ ಸೂರ್ಯನಿಗೆ ಹೊಂದಿಕೊಳ್ಳುತ್ತದೆ. ಇದು ಡ್ರೊಸೊಫಿಲಾದ ಲೆಕ್ಕ. ಪತಂಗ, ಸೊಳ್ಳೆಗಳಲ್ಲಿ ಎರಡನೇ ಬಗೆಯ ಕ್ರಿಪ್ಟೋಕ್ರೋಮ್ ಕೂಡ ಇದ್ದು, ಅದು ಮೋಟರ್ ನಿಲ್ಲಿಸುವ ಕೆಲಸಕ್ಕೆ ಕೈಜೋಡಿಸುತ್ತದೆ. ಭಾಗಗಳು ಸ್ವಲ್ಪ ಆಚೀಚೆ, ಕೆಲಸದ ರೀತಿ ಅದೇ.

## ಹೊಟ್ಟೆಯಲ್ಲಿ ಮಿದುಳು ಇಟ್ಟರೂ ಸಮಯ ತಪ್ಪಲಿಲ್ಲ

ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ 1970ರದ್ದು. ಜೀನ್‌ಗಳ ವಿವರ ಏನೂ ಗೊತ್ತಿಲ್ಲದ ಕಾಲ ಅದು. ಜೇಮ್ಸ್ ಟ್ರೂಮನ್ ಮತ್ತು ಲಿನ್ ರಿಡಿಫೋರ್ಡ್ ಎರಡು ಜಾತಿಯ ದೊಡ್ಡ ರೇಷ್ಮೆ ಪತಂಗಗಳನ್ನು ಆರಿಸಿಕೊಂಡರು. ಅಮೆರಿಕದ ಸಿಕ್ರೋಪಿಯ ಪತಂಗ ಬೆಳಕು ಬಂದ ಸ್ವಲ್ಪ ಹೊತ್ತಿಗೇ ಕೋಶ ಬಿಡುತ್ತದೆ. ನಮ್ಮ ಟಸರ್ ರೇಷ್ಮೆಯ ಬಳಗಕ್ಕೆ ಸೇರಿದ ಚೀನಾದ ಪತಂಗ ದಿನ ಮುಗಿಯುವ ಹೊತ್ತಿಗೆ ಹೊರಬರುತ್ತದೆ.

ಮಿದುಳು ತೆಗೆದ ಕೋಶಗಳಿಂದಲೂ ಪತಂಗ ಹೊರಬಂದಿತು, ಆದರೆ ಹೊತ್ತುಗೊತ್ತಿಲ್ಲದೆ. ತೆಗೆದ ಮಿದುಳನ್ನು ಅದರ ಹೊಟ್ಟೆಯೊಳಗೆ ಸುಮ್ನೆ ಇಟ್ಟರು. ಯಾವ ನರಕ್ಕೂ ಜೋಡಿಸಲಿಲ್ಲ. ಲಯ ಮರಳಿ ಬಂತು! ಆಮೇಲೆ ಒಂದು ಜಾತಿಯ ಮಿದುಳನ್ನು ಇನ್ನೊಂದರ ಹೊಟ್ಟೆಯಲ್ಲಿಟ್ಟರು. ಸಿಕ್ರೋಪಿಯದ ಮೈ, ಚೀನಾ ಪತಂಗದ ಮಿದುಳು. ಆ ಪತಂಗ ಹೊರಬಂದದ್ದು ಮಿದುಳು ಕೊಟ್ಟ ಜಾತಿಯ ಹೊತ್ತಿಗೆ. ಹೊರಬರುವಾಗಿನ ಮೈಯ ಹೊರಳಾಟ ಮಾತ್ರ ತನ್ನ ಜಾತಿಯದ್ದೇ.

ಇದರಿಂದ ಎರಡು ಮಾತು ಸ್ಪಷ್ಟವಾದವು. ಗಡಿಯಾರ ಮಿದುಳಿನಲ್ಲಿದೆ. ಮತ್ತು ಅದು ಸುದ್ದಿ ಕಳಿಸುವುದು ನರದ ಮೂಲಕವಲ್ಲ, ಮೈಯ ದ್ರವದಲ್ಲಿ ಹರಿಯುವ ಹಾರ್ಮೋನಿನ ಮೂಲಕ.

## ಕರೆಯುವ ಹೊತ್ತು, ಕೇಳುವ ಹೊತ್ತು

ಹೊರಬಂದ ಮೇಲೆ ಬದುಕು ಚಿಕ್ಕದು. ರೇಷ್ಮೆ ಪತಂಗ ಏನೂ ತಿನ್ನುವುದಿಲ್ಲ, ಕೆಲವೇ ದಿನ ಬದುಕುತ್ತದೆ. ಅಷ್ಟರಲ್ಲಿ ಸಂಗಾತಿ ಸಿಗಬೇಕು. ಗಂಡು ಬೆಳಿಗ್ಗೆ ಹುಡುಕಿ, ಹೆಣ್ಣು ರಾತ್ರಿ ಕಾದರೆ ಕೆಲಸ ಕೆಟ್ಟಿತು.

ಹೆಚ್ಚಿನ ಪತಂಗಗಳಲ್ಲಿ ಹೆಣ್ಣು ಬಾಲದ ತುದಿಯ ಗ್ರಂಥಿಯನ್ನು ಹೊರಚಾಚಿ ವಾಸನೆ ಬಿಡುತ್ತದೆ. ಇದನ್ನು ಫೆರೊಮೋನ್ ಅನ್ನುತ್ತಾರೆ. ಇದು ದಿನವಿಡೀ ಹೊರಡುವುದಿಲ್ಲ, ಆಯಾ ಜಾತಿಗೆ ಗೊತ್ತಾದ ಕೆಲವು ಗಂಟೆಗಳಲ್ಲಿ ಮಾತ್ರ. ಗಂಡು ಚುರುಕಾಗಿ ಹಾರಾಡುವುದೂ ಅದೇ ಗಂಟೆಗಳಲ್ಲಿ.

ಡ್ರೊಸೊಫಿಲಾದಲ್ಲಿ ಕೂಡುವ ಹೊತ್ತನ್ನು ಯಾರು ನಿರ್ಧರಿಸುತ್ತಾರೆ? 2001ರಲ್ಲಿ ಜಪಾನಿನ ಸಕಾಯಿ ಮತ್ತು ಇಶಿದಾ ಅವರು ಕಂಡುಕೊಂಡಂತೆ, ಮುಖ್ಯವಾಗಿ ಹೆಣ್ಣು. ಪಿರಿಯಡ್ ಅಥವಾ ಟೈಮ್‌ಲೆಸ್ ಜೀನ್ ಕೆಟ್ಟ ನೊಣಗಳಲ್ಲಿ ಕೂಡುವುದಕ್ಕೆ ಹೊತ್ತುಗೊತ್ತೇ ಇರಲಿಲ್ಲ. ನೋಡಲು ಹೆಚ್ಚುಕಮ್ಮಿ ಒಂದೇ ಥರ ಇರುವ ಎರಡು ಡ್ರೊಸೊಫಿಲಾ ಜಾತಿಗಳಲ್ಲಿ ಈ ಲಯ ಪೂರ್ತಿ ತಿರುಗಾಮುರುಗಾ ಇತ್ತು. ಒಂದರ ಆಸಕ್ತಿ ಏರುವಾಗ ಇನ್ನೊಂದರದು ಇಳಿಯುತ್ತಿತ್ತು.

ಸೊಳ್ಳೆಯ ಕಥೆ ನಮಗೆ ಇನ್ನೂ ಹತ್ತಿರದ್ದು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಂಜೆ ಗುಂಪು ಕಟ್ಟಿ ಹಾರುತ್ತಿದ್ದ ಆಫ್ರಿಕಾದ ಅನಾಫಿಲಿಸ್ ಗಂಡುಗಳನ್ನು ಹಿಡಿದು ಪರೀಕ್ಷಿಸಿದರು. ಅವುಗಳ ತಲೆಯಲ್ಲಿ ಪಿರಿಯಡ್, ಟೈಮ್‌ಲೆಸ್ ಜೀನ್‌ಗಳು ಜಾಸ್ತಿ ಚುರುಕಾಗಿದ್ದವು. ಈ ಜೀನ್‌ಗಳ ಸದ್ದಡಗಿಸಿದಾಗ ಗುಂಪು ಕಟ್ಟುವುದು, ಕೂಡುವುದು ಎರಡೂ ಕಡಿಮೆಯಾದವು. ಜೊತೆಗೆ, ಸೊಳ್ಳೆಯ ಮೈಮೇಲಿನ ಮೇಣದಂಥ ಪದಾರ್ಥವನ್ನು ತಯಾರಿಸುವ ಇನ್ನೊಂದು ಜೀನ್ ಕೂಡ ದಿನದ ಲಯದಲ್ಲೇ ಏರಿಳಿಯುತ್ತಿತ್ತು. ಕೂಡಲು ಪ್ರಚೋದಿಸುವ ಪದಾರ್ಥ ಅದರಲ್ಲಿದೆ. ಭಾರತದ ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಮೇಲೂ ಪ್ರಯೋಗಾಲಯದಲ್ಲಿ ಈ ಪರೀಕ್ಷೆ ನಡೆಯಿತು. ಅಲ್ಲೂ ಗಂಡುಗಳು ಕೂಡುವುದರ ಮೇಲೆ ಪರಿಣಾಮ ಕಂಡಿತು.

## ವೃಷಣಕ್ಕೂ ಒಂದು ಗಡಿಯಾರ

ಮಿದುಳಿನ ಗಡಿಯಾರವೇ ಎಲ್ಲವನ್ನೂ ಆಳುತ್ತದೆ ಅಂದುಕೊಂಡರೆ ತಪ್ಪಾಗುತ್ತದೆ. ಜಿಪ್ಸಿ ಪತಂಗದ ಗಂಡಿನಲ್ಲಿ ವೀರ್ಯಾಣುಗಳು ವೃಷಣದಿಂದ ನಾಳಕ್ಕೆ ಇಳಿಯುವುದು ಸಂಜೆಯ ಕೆಲವೇ ಗಂಟೆಗಳಲ್ಲಿ. ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಮುಂದಿನ ಚೀಲಕ್ಕೆ ಹೋಗುತ್ತವೆ. ಯಡ್ವಿಗಾ ಗೀಬುಲ್ಟೊವಿಚ್ ಮತ್ತು ಸಂಗಡಿಗರು 1989ರಲ್ಲಿ ವೃಷಣ ಮತ್ತು ನಾಳವನ್ನು ಮೈಯಿಂದ ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಮಿದುಳಿಲ್ಲ, ನರವಿಲ್ಲ. ಆದರೂ ವೀರ್ಯಾಣುಗಳು ಅದೇ ಲಯದಲ್ಲಿ ಇಳಿದವು. ಬೆಳಕು ಬದಲಿಸಿದರೆ ಆ ತುಣುಕು ತನ್ನ ಸಮಯವನ್ನೂ ಬದಲಿಸಿಕೊಂಡಿತು. ಕೆಲವು ಜಾತಿಯ ಪತಂಗಗಳನ್ನು ಹಗಲೂ ರಾತ್ರಿ ಬೆಳಕಿನಲ್ಲೇ ಸಾಕಿದರೆ ಗಂಡುಗಳು ಸಂತಾನಶಕ್ತಿ ಕಳೆದುಕೊಳ್ಳುವುದು ಏಕೆ ಎಂಬುದೂ ಇದರಿಂದ ಅರ್ಥವಾಗುತ್ತದೆ.

2002ರಲ್ಲಿ ಇದೇ ತಂಡ ಡ್ರೊಸೊಫಿಲಾದಲ್ಲಿ ಲೆಕ್ಕ ಹಾಕಿತು. ಗಡಿಯಾರ ಜೀನ್ ಕೆಟ್ಟ ಜೋಡಿಗಳು ಒಮ್ಮೆ ಕೂಡಿದಾಗ ಹುಟ್ಟಿದ ಮರಿಗಳು ಸುಮಾರು ಶೇಕಡಾ 40ರಷ್ಟು ಕಡಿಮೆ. ಮೊಟ್ಟೆಗಳೂ ಕಡಿಮೆ, ಇಟ್ಟ ಮೊಟ್ಟೆಗಳಲ್ಲಿ ಫಲಗೊಳ್ಳದವು ಜಾಸ್ತಿ. ಗಂಡು ವರ್ಗಾಯಿಸಿದ ವೀರ್ಯವೂ ಕಡಿಮೆ ಇತ್ತು. ಅಂದರೆ ಗಡಿಯಾರ ಕೆಟ್ಟರೆ ಹೊತ್ತು ಮಾತ್ರ ತಪ್ಪುವುದಿಲ್ಲ, ಸಂತಾನವೇ ಕುಗ್ಗುತ್ತದೆ.

ಅಂಗಗಳಿಗೆ ತಮ್ಮದೇ ಗಡಿಯಾರ ಇರುತ್ತದೆ ಎಂಬ ಮಾತಿಗೆ ಹೆಣ್ಣಿನ ಅಂಡಾಶಯ ಒಂದು ಅಪವಾದ. ಅಲ್ಲಿ ಪಿರಿಯಡ್ ಪ್ರೋಟೀನ್ ಇದೆ, ಆದರೆ ಅದು ದಿನದ ಲಯದಲ್ಲಿ ಏರಿಳಿಯುವುದಿಲ್ಲ. ಮೊಟ್ಟೆಯಿಡುವ ಲಯ ಮಾತ್ರ ಕತ್ತಲೆಯಲ್ಲೂ ಮುಂದುವರಿಯುತ್ತದೆ.

## ಗಂಟೆಯಿಂದ ಋತುವಿಗೆ

ಗಡಿಯಾರಕ್ಕೆ ಇನ್ನೊಂದು ದೊಡ್ಡ ಕೆಲಸ ಇದೆ. ಹಗಲು ಎಷ್ಟು ಉದ್ದ ಎಂದು ಅಳೆಯುವುದು. ಚಳಿದೇಶದ ಹುಳು ಹಿಮ ಬೀಳುವ ಮುಂಚೆ ಮೊಟ್ಟೆಯಿಡುವುದನ್ನು ನಿಲ್ಲಿಸಬೇಕು. ಹಗಲು ಗಿಡ್ಡವಾಗುತ್ತಿರುವುದೇ ಅದಕ್ಕೆ ಸೂಚನೆ.

ಜಪಾನಿನಲ್ಲಿ ಕಾಳು ಬೆಳೆಗಳ ರಸ ಹೀರುವ ಒಂದು ತಿಗಣೆ ಇದೆ. ಹಗಲು ಉದ್ದವಿದ್ದಾಗ ಹೆಣ್ಣಿನ ಅಂಡಾಶಯ ಬೆಳೆಯುತ್ತದೆ. ಹಗಲು ಗಿಡ್ಡವಾದರೆ ಬೆಳೆಯದೆ ನಿಲ್ಲುತ್ತದೆ. 2010ರಲ್ಲಿ ಅಲ್ಲಿನ ವಿಜ್ಞಾನಿಗಳು ಪಿರಿಯಡ್ ಜೀನನ್ನು ಅಡಗಿಸಿದಾಗ, ಗಿಡ್ಡ ಹಗಲಿನಲ್ಲೂ ಅಂಡಾಶಯ ಬೆಳೆಯಿತು. ಸೈಕಲ್ ಜೀನನ್ನು ಅಡಗಿಸಿದರೆ ತದ್ವಿರುದ್ಧ, ಉದ್ದ ಹಗಲಿನಲ್ಲೂ ಬೆಳೆಯಲಿಲ್ಲ.

ವರ್ಷಕ್ಕೆ ಎರಡು ತಲೆಮಾರು ಕಾಣುವ ನಮ್ಮ ದ್ವಿತಳಿ ರೇಷ್ಮೆಯಲ್ಲಿ ಈ ಲೆಕ್ಕ ಒಂದು ತಲೆಮಾರು ಮುಂಚೆಯೇ ಶುರುವಾಗುತ್ತದೆ. ತಾಯಿ ತಾನು ಮೊಟ್ಟೆಯೊಳಗಿದ್ದಾಗ ಕಂಡ ಬಿಸಿ ಮತ್ತು ಬೆಳಕಿನ ಅವಧಿ, ಅದು ಮುಂದೆ ಇಡುವ ಮೊಟ್ಟೆ ಬೆಳವಣಿಗೆ ನಿಲ್ಲಿಸಿ ನಿದ್ರೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಬೆಚ್ಚಗೆ, ಉದ್ದ ಹಗಲಿನಲ್ಲಿ ಕಾವು ಪಡೆದಿದ್ದರೆ ನಿದ್ರೆಯ ಮೊಟ್ಟೆ. ತಂಪಿನಲ್ಲಿ, ಗಿಡ್ಡ ಹಗಲಿನಲ್ಲಾದರೆ ಹತ್ತು ಹನ್ನೆರಡು ದಿನಗಳಲ್ಲಿ ಒಡೆಯುವ ಮೊಟ್ಟೆ. ಬಿತ್ತನೆ ಕೋಠಿಗಳಲ್ಲಿ ದ್ವಿತಳಿ ಮೊಟ್ಟೆಗಳಿಗೆ ಹೈಡ್ರೋಕ್ಲೋರಿಕ್ ಆಮ್ಲದ ಚಿಕಿತ್ಸೆ ಕೊಡುವುದು ಈ ನಿದ್ರೆಗೆ ಅವಕಾಶ ಕೊಡದಿರಲಿಕ್ಕೆ.

## ಹೊತ್ತು ಬೇರೆಯಾದರೆ ಬಳಗವೇ ಬೇರೆ

ಒಂದೇ ಜಾಗದಲ್ಲಿದ್ದರೂ ಕೂಡುವ ಹೊತ್ತು ಬೇರೆಯಾದ ಹುಳುಗಳು ಒಂದನ್ನೊಂದು ಭೇಟಿಯಾಗುವುದೇ ಇಲ್ಲ. ಫಾಲ್ ಸೈನಿಕ ಹುಳುವಿನ ತವರು ಅಮೆರಿಕ ಖಂಡದಲ್ಲಿ ಅದರ ಎರಡು ಬಗೆ ಇವೆ. ಮೆಕ್ಕೆಜೋಳದ ಬಗೆ ರಾತ್ರಿಯ ಮೊದಲ ಭಾಗದಲ್ಲಿ ಕೂಡುತ್ತದೆ, ಭತ್ತದ ಬಗೆ ತಡರಾತ್ರಿಯಲ್ಲಿ. ಈ ವ್ಯತ್ಯಾಸದ ಹಿಂದೆ ವ್ರಿಲ್ ಎಂಬ ಗಡಿಯಾರ ಜೀನ್ ಇರುವ ಸಾಧ್ಯತೆ ಬಲವಾಗಿದೆ ಎಂದು 2017ರ ಅಧ್ಯಯನ ಹೇಳಿತು. ಗೋಡೆ ಪೂರ್ತಿ ಗಟ್ಟಿಯಲ್ಲ, ಅಡ್ಡತಳಿಗಳೂ ಹುಟ್ಟುತ್ತವೆ. ಭಾರತಕ್ಕೆ ಬಂದ ಹುಳುಗಳಲ್ಲಿ ಎರಡೂ ಬಗೆಯ ಗುರುತುಗಳು ಬೆರೆತೇ ಕಂಡಿವೆ.

ಗಡಿಯಾರ ತಲೆಮಾರುಗಳಲ್ಲಿ ಹೀಗೆ ಬದಲಾಗಬಲ್ಲದು ಎಂದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ತೋರಿಸಿದ್ದಾರೆ. ವಿಜಯ್ ಕುಮಾರ್ ಶರ್ಮಾ ಅವರ ತಂಡ ಬೆಳಿಗ್ಗೆ ಹೊರಬಂದ ಡ್ರೊಸೊಫಿಲಾಗಳಿಂದ ಒಂದು ಸಂತತಿ, ಸಂಜೆ ಹೊರಬಂದವುಗಳಿಂದ ಇನ್ನೊಂದು ಸಂತತಿ ಬೆಳೆಸಿತು. 50ಕ್ಕೂ ಹೆಚ್ಚು ತಲೆಮಾರು ಕಳೆದ ಮೇಲೆ ಮೊದಲನೆಯದರ ಗಡಿಯಾರ ವೇಗವಾಗಿತ್ತು, ಎರಡನೆಯದರದು ನಿಧಾನವಾಗಿತ್ತು. ಈ ಕೆಲಸ 2007ರಲ್ಲಿ ಪ್ರಕಟವಾಯಿತು.

ಕೀಟ ಹತೋಟಿಗೆ ಇದರಿಂದ ಏನು? ಹೀರೇಕಾಯಿ, ಹಾಗಲಕಾಯಿ ಕೊಳೆಸುವ ನೊಣ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಅದೇ ನೊಣವನ್ನು ಜಪಾನಿನ ಓಕಿನಾವ ದ್ವೀಪಗಳಿಂದ 1993ರ ಹೊತ್ತಿಗೆ ಪೂರ್ತಿ ಅಳಿಸಿದರು. ಕಾರ್ಖಾನೆಯಲ್ಲಿ ನೊಣಗಳನ್ನು ರಾಶಿರಾಶಿಯಾಗಿ ಸಾಕಿ, ವಿಕಿರಣದಿಂದ ಬಂಜೆ ಮಾಡಿ, ಹೊಲಗಳಿಗೆ ಬಿಟ್ಟರು. ಆ ಬಂಜೆ ಗಂಡುಗಳ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ವಿಷ ಸಿಂಪಡಿಸುವುದಕ್ಕಿಂತ ಎಷ್ಟೋ ಒಳ್ಳೆಯ ದಾರಿ.

ಆದರೆ ಸಾಕಣೆಯಲ್ಲಿ ಒಂದು ಅಪಾಯ ಅಡಗಿತ್ತು. ಬೇಗ ಬೆಳೆಯುವ ನೊಣ ಇದ್ದರೆ ಕಾರ್ಖಾನೆಗೆ ಅನುಕೂಲ. ಆದ್ದರಿಂದ ಗೊತ್ತಿಲ್ಲದೆಯೇ ಅಂಥವುಗಳ ಸಂತತಿ ಹೆಚ್ಚುತ್ತದೆ. ಜಪಾನಿನ ವಿಜ್ಞಾನಿ ತಕಹಿಸ ಮಿಯಾತಾಕೆ ಬೇಗ ಬೆಳೆಯುವ ಮತ್ತು ನಿಧಾನ ಬೆಳೆಯುವ ಸಂತತಿಗಳನ್ನು ಬೇಕೆಂದೇ ಬೇರೆ ಮಾಡಿ ನೋಡಿದರು. ಬೇಗ ಬೆಳೆಯುವವು ಸಂಜೆ ಬೇಗ ಕೂಡುತ್ತಿದ್ದವು, ನಿಧಾನದವು ಕತ್ತಲಾದ ಮೇಲೆ. ಕತ್ತಲೆಯಲ್ಲಿಟ್ಟು ಅಳೆದಾಗ ಮೊದಲನೆಯವುಗಳ ದಿನ 22-23 ಗಂಟೆ, ಎರಡನೆಯವುಗಳದು 30ರ ಆಸುಪಾಸು. ಬೆಳವಣಿಗೆಯನ್ನು ಆರಿಸಿದರೆ ಗಡಿಯಾರವೂ ಅದರ ಜೊತೆಗೇ ಬದಲಾಗಿತ್ತು. ಎರಡೂ ಸಂತತಿಗಳು ಒಂದರೊಡನೊಂದು ಕೂಡುವುದು ಕಡಿಮೆಯಾಗಿತ್ತು.

ಹೊಲದ ಹೆಣ್ಣು ಒಂದು ಗಂಟೆಗೆ ಸಿದ್ಧ, ಬಿಟ್ಟ ಗಂಡು ಇನ್ನೊಂದು ಗಂಟೆಗೆ. ಹಾಗಾದರೆ ಲಕ್ಷಗಟ್ಟಲೆ ನೊಣ ಬಿಟ್ಟರೂ ವ್ಯರ್ಥ. ಆದ್ದರಿಂದ ಬಂಜೆ ಗಂಡುಗಳನ್ನು ಬಿಡುವ ಯೋಜನೆಗಳಲ್ಲಿ ಎಷ್ಟು ನೊಣ ಸಾಕಿದೆವು ಎಂದು ಎಣಿಸಿದರೆ ಸಾಲುವುದಿಲ್ಲ. ಗಿಡ ಇಟ್ಟ ದೊಡ್ಡ ಬಲೆಯ ಪಂಜರದಲ್ಲಿ ಕಾರ್ಖಾನೆಯ ಗಂಡುಗಳನ್ನೂ ಹೊಲದಿಂದ ಹಿಡಿದು ತಂದ ನೊಣಗಳನ್ನೂ ಒಟ್ಟಿಗೆ ಬಿಡುತ್ತಾರೆ. ಯಾವ ಹೆಣ್ಣು ಯಾವ ಗಂಡಿನ ಜೊತೆ, ಯಾವ ಹೊತ್ತಿಗೆ ಕೂಡಿತು ಎಂದು ಕೂತು ಬರೆದುಕೊಳ್ಳುತ್ತಾರೆ.